ವಾಹನದ ನಾಡಿ ಹಿಡಿಯುವ ತಂತ್ರಾಂಶ



ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡರೆ ತಾವೇನು ಮಾಡುತ್ತೀರಿ? ಗ್ಯಾರೇಜಿಗೆ ಒಯ್ಯುತ್ತೀರಿ. ಅಲ್ಲಿಯವರು ಸ್ಟೀರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ, ಪರದೆಯ ಮೇಲೆ ಮೂಡಿದ್ದನ್ನು ಓದಿ, "ಸೆನ್ಸರ್ ಹೋಗಿದೆ, ಬದಲಾಯಿಸಬೇಕು" ಎನ್ನುತ್ತಾರೆ. ಸಾವಿರಾರು ರೂಪಾಯಿ ತೆತ್ತು ಬಂದ ಮೂರನೆಯ ದಿನಕ್ಕೆ ಅದೇ ದೀಪ ಮತ್ತೆ ಹೊತ್ತಿಕೊಳ್ಳುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು! ಇದರಲ್ಲಿ ಮೆಕ್ಯಾನಿಕ್‌ನ ಪಾಲೆಷ್ಟು, ಅವನ ಕೈಯಲ್ಲಿರುವ ತಂತ್ರಾಂಶದ ಪಾಲೆಷ್ಟು? ಈ ಸಲ ಅದನ್ನೇ ನೋಡೋಣ.

ಹಿಂದೆ ಕಾರಿನ ಕಾಯಿಲೆಯನ್ನು ಅನುಭವಸ್ಥರು ಸದ್ದು ಕೇಳಿ, ಹೊಗೆ ನೋಡಿ ಹೇಳಿಬಿಡುತ್ತಿದ್ದರು. ಇಂದಿನ ಕಾರಿನಲ್ಲಿ ಎಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು ಎಂಬಂತೆ ಹಲವಾರು ಪುಟ್ಟ ಕಂಪ್ಯೂಟರುಗಳಿವೆ. ಇವು ಒಂದು ಜೋಡಿ ತಂತಿಯ ಮೇಲೆ ಪರಸ್ಪರ ಮಾತಾಡಿಕೊಳ್ಳುವ 'ಕ್ಯಾನ್' ಎಂಬ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟಿತು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ 16 ಪಿನ್ನಿನ ಒಂದೇ ಬಗೆಯ ಸಾಕೆಟ್ಟು ಕಡ್ಡಾಯವಾಯಿತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳೂ ತಮ್ಮ ದೋಷವನ್ನು ತಾವೇ ಗುರುತಿಸಿಕೊಳ್ಳಬೇಕಾಯಿತು.

ಸ್ಕ್ಯಾನರ್ ಮಾಡುವುದು ಸಂಭಾಷಣೆ. ಅದು ಪ್ರಶ್ನೆ ಕೇಳುತ್ತದೆ, ಕಾರಿನ ಕಂಪ್ಯೂಟರ್ ಉತ್ತರಿಸುತ್ತದೆ. ಎಂಜಿನ್ನಿನ ತಂಪುನೀರಿನ ಉಷ್ಣತೆ ಎಷ್ಟು ಎಂದು ಕೇಳಿದರೆ 130 ಎಂಬ ಉತ್ತರ ಬರಬಹುದು. ಅದರಲ್ಲಿ 40 ಕಳೆಯಬೇಕು. ಆಗ 90 ಡಿಗ್ರಿ ಸೆಲ್ಸಿಯಸ್. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದರೆ ಎರಡು ಸಂಖ್ಯೆಗಳು ಬರುತ್ತವೆ. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಬೇಕು. ಹೊಗೆಗೆ ಸಂಬಂಧಿಸಿದ ಇಂಥ ಲೆಕ್ಕಗಳು ಎಲ್ಲ ಕಂಪನಿಗಳಿಗೂ ಸಮಾನ. ಬ್ರೇಕು, ಏರ್‌ಬ್ಯಾಗುಗಳ ಒಳಮಾತು ಮಾತ್ರ ಕಂಪನಿಗೊಂದು, ಮಾದರಿಗೊಂದು.

ತೊಡಕು ಇರುವುದು ಇಲ್ಲಿಯೇ. ಈ ಲೆಕ್ಕಗಳನ್ನೆಲ್ಲ ತಂತ್ರಾಂಶದ ಹೊಟ್ಟೆಯೊಳಗೇ ಹೊಲಿದುಬಿಟ್ಟರೆ, ಹೊಸ ಮಾದರಿ ಬಂದಾಗಲೆಲ್ಲ ಇಡೀ ತಂತ್ರಾಂಶವನ್ನು ಬಿಚ್ಚಿ ಹೊಲಿಯಬೇಕು. ಒಂದು ಕಾರಿಗೆಂದು ತಿದ್ದಿದ್ದು ಇನ್ನೊಂದರ ಲೆಕ್ಕ ಕೆಡಿಸುತ್ತದೆ. ಸಣ್ಣ ಗ್ಯಾರೇಜಿನವನು ಮತ್ತೆ ಹೊಸ ಯಂತ್ರ ಕೊಳ್ಳಬೇಕು, ಇಲ್ಲವೇ ಗಿರಾಕಿಯನ್ನು ಕಳೆದುಕೊಳ್ಳಬೇಕು.

ನಮ್ಮ ರಾಜ್ಯೋತ್ಸವದ ನಾಟಕವನ್ನೇ ನೆನೆಸಿಕೊಳ್ಳಿ. ಮೈಕು ಕೆಟ್ಟರೆ ಮೈಕಿನವನನ್ನು ಕರೆಯುತ್ತೇವೆ; ನಾಟಕವನ್ನೇ ಬೇರೆ ಬರೆಸುವುದಿಲ್ಲ. ಒಳ್ಳೆಯ ತಪಾಸಣಾ ತಂತ್ರಾಂಶವೂ ಹೀಗೆಯೇ ಬಿಡಿಬಿಡಿ ಘಟಕಗಳ ಜೋಡಣೆ. ತಂತಿಯ ಮೇಲೆ ಸಂದೇಶ ಸಾಗಿಸುವುದು ಒಂದು ಘಟಕ. ಪ್ರಶ್ನೋತ್ತರದ ನಿಯಮ ಪಾಲಿಸುವುದು ಎರಡನೆಯದು; ಇದಕ್ಕೆ ಐ.ಎಸ್.ಒ. 14229 ಎಂಬ ಅಂತಾರಾಷ್ಟ್ರೀಯ ನಿಯಮವಿದೆ. ಮೂರನೆಯದು ವಾಹನದ ಜಾತಕ: ಯಾವ ಸಂಖ್ಯೆಗೆ ಯಾವ ಅರ್ಥ, ಯಾವ ಸೂತ್ರ ಎಂಬ ಪಟ್ಟಿ. ಇದನ್ನು ಬರೆದಿಡುವ ಸಾಮಾನ್ಯ ರೀತಿಯನ್ನು ಐ.ಎಸ್.ಒ. 22901 ಹೇಳುತ್ತದೆ. ನಾಲ್ಕನೆಯದು ಪರೀಕ್ಷೆಯ ಕ್ರಮ. ಐದನೆಯದು ಮೆಕ್ಯಾನಿಕ್‌ನ ಕಣ್ಣಿಗೆ ಬೀಳುವ ಪರದೆ.

ಹೀಗೆ ಬಿಡಿಸಿಟ್ಟರೆ ಹೊಸ ಮಾದರಿಗೆ ಹೊಸ ಜಾತಕವೊಂದೇ ಸಾಕು. ಕಾರನ್ನೇ ತರದೆ, ಸಿದ್ಧ ಉತ್ತರಗಳನ್ನು ಕೊಟ್ಟು ಪ್ರತಿ ಘಟಕವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬಹುದು. ಪರದೆಯನ್ನು ಕನ್ನಡಕ್ಕೋ ಮರಾಠಿಗೋ ತಿರುಗಿಸಿದರೂ ಒಳಗಿನ ಲೆಕ್ಕ ಮಿಸುಕುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಸ್ಕ್ಯಾನರ್ ಕೇಳುವುದಷ್ಟೇ ಅಲ್ಲ, ಆಜ್ಞೆಯನ್ನೂ ಮಾಡಬಲ್ಲದು: ಫ್ಯಾನು ತಿರುಗಿಸು, ಬ್ರೇಕಿನ ಪಂಪು ಓಡಿಸು ಎಂದು. ಆದ್ದರಿಂದ ಓದುವ ಘಟಕ ಬೇರೆ, ಆಜ್ಞೆಯ ಘಟಕ ಬೇರೆ ಇರಬೇಕು. ಬ್ರೇಕಿಗೆ ಕೈಹಾಕುವ ಮುನ್ನ ಗಾಡಿ ನಿಂತಿದೆಯೇ ಎಂದು ಅದು ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಅಚಾತುರ್ಯವಾದರೆ ತೆರಬೇಕಾದ ಬೆಲೆ ರೂಪಾಯಿಯದಲ್ಲ, ಪ್ರಾಣದ್ದು.

ಇಷ್ಟೆಲ್ಲ ಇದ್ದರೂ ಸಂಕೇತವೆಂಬುದು ರೋಗಲಕ್ಷಣವೇ ಹೊರತು ರೋಗವಲ್ಲ. 'ಪಿ 0171' ಎಂದರೆ ಇಂಧನಕ್ಕಿಂತ ಗಾಳಿಯ ಪಾಲು ಹೆಚ್ಚಾಗಿದೆ ಎಂದರ್ಥ. ಕಾರಣ ಬಿರುಕುಬಿಟ್ಟ ರಬ್ಬರ್ ಕೊಳವೆಯಿರಬಹುದು, ಸೊರಗಿದ ಇಂಧನ ಪಂಪಿರಬಹುದು, ಗಾಳಿ ಅಳೆಯುವ ಸೆನ್ಸರಿಗೆ ಧೂಳು ಹಿಡಿದಿರಬಹುದು. ಒಳ್ಳೆಯ ತಂತ್ರಾಂಶ "ಇದನ್ನು ಬದಲಾಯಿಸು" ಎನ್ನುವುದಿಲ್ಲ; "ಮೊದಲು ಕೊಳವೆ ನೋಡು, ಆಮೇಲೆ ಪಂಪಿನ ಒತ್ತಡ ಅಳೆ" ಎಂದು ದಾರಿ ತೋರಿಸುತ್ತದೆ.

ಆದ್ದರಿಂದ ಓದುಗರೇ, ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಸಂಕೇತವನ್ನು ಅಳಿಸುವ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ದೋಷ ಕಂಡ ಕ್ಷಣದ ವೇಗ, ಉಷ್ಣತೆಗಳನ್ನು ಕಾರು ನೆನಪಿಟ್ಟಿರುತ್ತದೆ. ಅಳಿಸಿದರೆ ಆ ಸಾಕ್ಷ್ಯವೂ ಹೋಗುತ್ತದೆ. ಭಾಗ ಬದಲಾಯಿಸಬೇಕೆಂದರೆ, ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ವಿನಯದಿಂದಲೇ ಕೇಳಿ.

ಪುಣೆ, ಚೆನ್ನೈಗಳ ವಾಹನೋದ್ಯಮದಲ್ಲಿ ತಂತ್ರಾಂಶ ಬರೆಯುತ್ತಿರುವ ನಮ್ಮ ಯುವಕ ಯುವತಿಯರಿಗೂ ಒಂದು ಮಾತು. ತಾವು ಬರೆದದ್ದು ಕೊನೆಗೆ ತಲುಪುವುದು ಎಣ್ಣೆಗೈಯ ಒಬ್ಬ ಹುಡುಗನನ್ನು. ಅವನಿಗೆ ಅರ್ಥವಾಗುವಂತೆ, ಅವನ ಕಿಸೆಗೆ ಹೊರೆಯಾಗದಂತೆ ಕಟ್ಟಿಕೊಡಿ. ಅವನ ಗ್ಯಾರೇಜು ಉಳಿದರೆ ನಮ್ಮ ಹಳೆಯ ಕಾರೂ ಉಳಿದೀತು.