ಒಂದು ಯೂರೋ ಮನೆ ಮತ್ತು ಅದರೊಳಗಿಂದ ಎದ್ದುಹೋದವರು

ಇಟಲಿಯ ಹಳ್ಳಿಯಲ್ಲಿ ಒಂದು ಯೂರೋಗೆ ಮನೆಯಂತೆ. ಈ ರೀಲು ನಮ್ಮ ಬಳಗದ ಗುಂಪುಗಳಲ್ಲೇ ಎಷ್ಟು ಸಲ ಬಂತೋ ಲೆಕ್ಕ ಇಟ್ಟಿಲ್ಲ. ಕಲ್ಲಿನ ಗೋಡೆ, ಕಮಾನಿನ ಬಾಗಿಲು, ಬಾಲ್ಕನಿಯಲ್ಲಿ ಕೆಂಪು ಹೂವು, ಹಿಂದೆ ಬೆಟ್ಟ. ಕೆಳಗೆ ನಮ್ಮ ಗೆಳೆಯರದೇ ಕಮೆಂಟು, "ನಡೀರಣ್ಣ, ಹೋಗೇಬಿಡೋಣ."

ಆಸೆ ಆಗೋದು ಸಹಜ. ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಕ್ಕೆ ಹೋದ್ರೆ "ವೆಜ್ಜಾ, ನಾನ್‌ವೆಜ್ಜಾ" ಅಂತ ಶುರು ಮಾಡಿ ನಮ್ಮ ಅಜ್ಜನ ಊರಿನ ತನಕ ಕೆದಕೋ ಓನರುಗಳನ್ನ ಕಂಡವರು ನಾವು. ಯಾವ ಜನ ಅಂತ ಕೇಳದೆ, ಬೀಗದ ಕೈ ಹಿಡ್ಕೊಂಡು ಕರೆಯೋ ಊರು ಒಂದಿದೆ ಅಂದ್ರೆ ಯಾರಿಗೆ ಬೇಡ? ದಪ್ಪ ಕಲ್ಲಿನ ಗೋಡೆ ಬೇಸಿಗೆಯಲ್ಲಿ ತಂಪು, ಊರು ಶಾಂತ, ದೊಡ್ಡ ನಗರಗಳ ಮುಂದೆ ಬೆಲೆ ಅಗ್ಗ. ಇದೆಲ್ಲ ನಿಜ.

ಆದ್ರೆ ಒಂದು ಯೂರೋ ಅನ್ನೋದು ಮನೆಯ ಬೆಲೆಯಲ್ಲ, ಒಳಗೆ ಕರೆಯೋ ಕೂಗು. ಸಿಸಿಲಿಯ ಸಂಬೂಕಾ ಎಂಬ ಊರು 2019ರಲ್ಲಿ 16 ಮನೆಗಳನ್ನ ಹೀಗೇ ಹರಾಜಿಗಿಟ್ಟು ಜಗತ್ತಿಗೆಲ್ಲ ಸುದ್ದಿಯಾಯ್ತು. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ 5,000 ಯೂರೋ ಆಸುಪಾಸು ಠೇವಣಿ ಇಡಬೇಕು, ಮೂರು ವರ್ಷದೊಳಗೆ ರಿಪೇರಿ ಮುಗಿಸಬೇಕು. ಮುಗಿಸದಿದ್ರೆ ಠೇವಣಿ ಹೋಯ್ತು. ನೋಂದಣಿ ಮಾಡಿಸೋ ನೋಟರಿಗೆ ಬೇರೆ, ನಕ್ಷೆ ಮಾಡೋ 'ಜಿಯೋಮೆತ್ರಾ'ಗೆ ಬೇರೆ, ತೆರಿಗೆ ಬೇರೆ. ಸೂರು ಕುಸಿದ ಮನೆಯನ್ನ ವಾಸಕ್ಕೆ ತರೋಕೆ ಹತ್ತಾರು ಸಾವಿರ ಯೂರೋ ಸುರೀಬೇಕು. ಪಾರಂಪರಿಕ ಕಟ್ಟಡ ಅಂತ ಪಟ್ಟಿಗೆ ಸೇರಿದ್ರೆ ಕಿಟಕಿ ಬದಲಾಯಿಸೋದಕ್ಕೂ ಇಲಾಖೆ ಒಪ್ಪಿಗೆ ಬೇಕು. ಓಣಿಗೆ ಲಾರಿ ನುಗ್ಗಲ್ಲ, ಮರಳು ಸಿಮೆಂಟು ಸಣ್ಣ ಮೂರುಚಕ್ರದ ಗಾಡಿಯಲ್ಲೇ ಬರಬೇಕು. ನಮ್ಮೂರ ಸಂತೆಗೆ ಟೊಮೆಟೊ ಹೊರೋ ಅದೇ ಪಿಯಾಜಿಯೋ ಆಪೆ, ಅಲ್ಲಿಂದಲೇ ಬಂದದ್ದು.

ಇನ್ನು ಖಾತೆ ಜಗಳ. ಅಜ್ಜ ಸತ್ತು ಅರವತ್ತು ವರ್ಷ, ವಾರಸುದಾರರು ಅರ್ಜೆಂಟೀನಾ, ಅಮೆರಿಕ, ಜರ್ಮನಿ ಅಂತ ಚದುರಿಹೋಗಿರ್ತಾರೆ, ಅಷ್ಟೂ ಜನ ಸಹಿ ಹಾಕಬೇಕು. ಪಹಣಿಯಲ್ಲಿ ಜಂಟಿ ಹೆಸರು ಇರೋ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಕೊಂಡ ಮಾತ್ರಕ್ಕೆ ವೀಸಾನೂ ಸಿಗಲ್ಲ. ಭಾರತದ ಪಾಸ್‌ಪೋರ್ಟಿನವರು ಪ್ರವಾಸಿ ವೀಸಾದಲ್ಲಿ ಹೋದ್ರೆ 180 ದಿನದಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಭೂಕಂಪದ ಮಾತು ಯಾವ ರೀಲಲ್ಲೂ ಇಲ್ಲ. 2009ರಲ್ಲಿ ಲಾಕ್ವಿಲಾ, 2016ರಲ್ಲಿ ಅಮಾತ್ರಿಚೆ, ಎರಡು ಕಡೆಯೂ ನೂರಾರು ಜನ ಸತ್ತರು. ಹಳೇ ಕಲ್ಲಿನ ಮನೆಗಳು ಎಷ್ಟು ಚಂದವೋ ಅಷ್ಟೇ ಸಲೀಸಾಗಿ ಮೈಮೇಲೆ ಬೀಳ್ತವೆ.

ಇದೆಲ್ಲ ದುಡ್ಡಿದ್ದವರ ತಲೆನೋವು, ಬಿಡಿ. ನನ್ನ ತಕರಾರು ಬೇರೆ. ಈ ಮನೆಗಳು ಖಾಲಿ ಆದದ್ದು ಹೇಗೆ?

1876ರಿಂದ 1915ರವರೆಗೆ ಸುಮಾರು 1 ಕೋಟಿ 40 ಲಕ್ಷ ಇಟಾಲಿಯನ್ನರು ದೇಶ ಬಿಟ್ಟರು. ಉತ್ತರದವರೂ ಹೋದರು, ದಕ್ಷಿಣದವರೂ ಹೋದರು, ಬಹುಪಾಲು ಬಡವರು. ಸಿಸಿಲಿಯಲ್ಲಿ ಭೂಮಿಯೆಲ್ಲ ದೊಡ್ಡ ಜಮೀನ್ದಾರರ ಕೈಲಿ, ದುಡಿಯೋರು ದಿನಗೂಲಿಗಳು. ಬೆಳಗಾದ್ರೆ ಚೌಕದಲ್ಲಿ ನಿಂತು ಯಾರಾದ್ರೂ ಕೂಲಿಗೆ ಕರೀತಾರಾ ಅಂತ ಕಾಯೋರು. ರೀಲಿನಲ್ಲಿ ಕಾಫಿ ಕುಡೀತಾ ಕೂತಿರೋದು ಅಂಥದೇ ಚೌಕದಲ್ಲಿ. 1947ರ ಮೇ 1ರಂದು ಪೋರ್ತೆಲ್ಲಾ ದೆಲ್ಲಾ ಜಿನೆಸ್ತ್ರಾದಲ್ಲಿ ಕಾರ್ಮಿಕ ದಿನ ಆಚರಿಸಕ್ಕೆ ಸೇರಿದ ರೈತ ಕುಟುಂಬಗಳ ಮೇಲೆ ಗುಂಡು ಹಾರಿಸಿ 11 ಜನರನ್ನ ಕೊಂದರು, ಅದರಲ್ಲಿ ಮಕ್ಕಳೂ ಇದ್ದರು. ಸಲೇಮಿ ಊರಿನ ಮೇಯರ್ 2008ರಲ್ಲಿ ಒಂದು ಯೂರೋ ಮನೆಯ ಮಾತೆತ್ತಿದಾಗ ಲೋಕವೆಲ್ಲ ಮೆಚ್ಚಿತು. ಆ ಮನೆಗಳು 1968ರ ಬೆಲಿಚೆ ಭೂಕಂಪದಲ್ಲಿ ಬಿದ್ದವು. ಮನೆ ಕಳಕೊಂಡ ಆ ಕಣಿವೆಯ ಜನ ವರ್ಷಗಟ್ಟಲೆ ಬ್ಯಾರಕ್ಕುಗಳಲ್ಲಿ ಕೊಳೆತರು.

ಮತೇರಾ ಕಥೆ ಇನ್ನೂ ಖಾರ. ಗುಹೆಮನೆಗಳಲ್ಲಿ ಮನುಷ್ಯರು, ಕತ್ತೆ, ಹಂದಿ ಒಟ್ಟಿಗೆ ಬದುಕುತ್ತಿದ್ದರು. ಕಾರ್ಲೋ ಲೇವಿ ಬರೆದ ಮೇಲೆ ದೇಶಕ್ಕೇ ಅವಮಾನ ಅಂತ ಹುಯಿಲೆದ್ದು, 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜನರನ್ನ ಅಲ್ಲಿಂದ ಎಬ್ಬಿಸಿದರು. 1993ರಲ್ಲಿ ಯುನೆಸ್ಕೋ ಅದನ್ನ ವಿಶ್ವ ಪರಂಪರೆ ಅಂತು. ಈಗ ಅದೇ ಗುಹೆಗಳು ಐಷಾರಾಮಿ ಹೋಟೆಲು. ಬಡವ ಇದ್ದಾಗ ಕೊಳಚೆ, ಬಡವ ಎದ್ದುಹೋದ ಮೇಲೆ ಪರಂಪರೆ! ಇಟಲಿಯಲ್ಲಿ ನಮ್ಮಂಥ ಜಾತಿ ಇತ್ತು ಅಂತ ನಾನು ಹೇಳ್ತಿಲ್ಲ, ಹಾಗೆ ಹೋಲಿಸೋದು ಸೋಮಾರಿತನ. ಆದ್ರೆ ನಮ್ಮ ತೊಟ್ಟಿಮನೆಗಳನ್ನ ಹೋಂಸ್ಟೇ ಮಾಡಿ ಫೋಟೋ ಹಾಕೋರು ಹಿತ್ತಲ ಬಾಗಿಲಿನ ಫೋಟೋ ಹಾಕಲ್ಲ. ಅಲ್ಲಿನ ಹಳೇ ಸಿರಿವಂತರ ಮನೆಗಳಲ್ಲೂ ಮೇಲಂತಸ್ತು ಯಜಮಾನರದು, ಕೆಳಗೆ ಲಾಯ, ಉಗ್ರಾಣ, ಆಳುಗಳು. ಮಾರೋವಾಗ ತೋರಿಸೋದು ಮೇಲಂತಸ್ತನ್ನ.

ಊರು ಉಳಿಸಕ್ಕೆ ಕೊಳ್ಳೋರು ಬೇಕೇ ಬೇಕಲ್ವಾ ಅಂತ ಕೇಳೋರಿದ್ದಾರೆ. ರಿಯಾಚೆ ನೋಡಿ. ಕಲಾಬ್ರಿಯಾದ ಈ ಊರಿನ ಹತ್ತಿರ 1998ರಲ್ಲಿ ಕುರ್ದ್ ನಿರಾಶ್ರಿತರ ದೋಣಿ ಬಂತು. ಮುಂದೆ ಮೇಯರ್ ಆದ ಮಿಮ್ಮೋ ಲುಕಾನೊ ಖಾಲಿ ಮನೆಗಳನ್ನ ವಲಸಿಗರಿಗೆ ತೆರೆದ. ಕುಶಲ ಕೆಲಸದ ಅಂಗಡಿಗಳು ಎದ್ದವು, ಶಾಲೆಗೆ ಮಕ್ಕಳು ಬಂದರು. ಆ ಮನುಷ್ಯನಿಗೆ ಸಿಕ್ಕಿದ್ದೇನು? 2018ರಲ್ಲಿ ಗೃಹಬಂಧನ, 2021ರಲ್ಲಿ 13 ವರ್ಷ 2 ತಿಂಗಳ ಶಿಕ್ಷೆ. 2023ರಲ್ಲಿ ಮೇಲ್ಮನವಿಯಲ್ಲಿ ಬಹುತೇಕ ಆರೋಪ ಬಿದ್ದುಹೋಗಿ ಅದು 18 ತಿಂಗಳಿಗೆ ಇಳೀತು, ಅದೂ ಅಮಾನತಿನಲ್ಲಿ. ಡಾಲರ್ ತಂದವನಿಗೆ ಪುರಸಭೆಯ ಕೆಂಪು ಹಾಸು, ದೋಣಿಯಲ್ಲಿ ಬಂದವನಿಗೆ ಮನೆ ಕೊಟ್ಟವನಿಗೆ ಕೋರ್ಟು.

ನಮ್ಮವರೂ ಅಲ್ಲಿದ್ದಾರೆ. ರೋಮಿನ ದಕ್ಷಿಣಕ್ಕೆ ಲಾತೀನಾದ ಹೊಲಗಳಲ್ಲಿ ತರಕಾರಿ ಕೊಯ್ಯೋರು ಪಂಜಾಬಿನ ಕೂಲಿಗಳು. ಇಟಲಿಗೆ ದುಡಿಯಕ್ಕೆ ಹೋದ ಪಂಜಾಬಿಗಳಲ್ಲಿ ರವಿದಾಸಿಯಾ ಬಂಧುಗಳೂ ಇದ್ದಾರೆ. 2024ರ ಜೂನ್‌ನಲ್ಲಿ ಸತ್ನಾಮ್ ಸಿಂಗ್ ಎಂಬ 31ರ ಹುಡುಗನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯ್ತು. ಕೆಲಸಕ್ಕಿಟ್ಟವನು ಆಸ್ಪತ್ರೆಗೆ ಒಯ್ಯಲಿಲ್ಲ, ಅವನ ವಾಸದ ಜಾಗದ ಮುಂದೆ ಬಿಟ್ಟುಹೋದ, ತುಂಡಾದ ತೋಳನ್ನ ಹಣ್ಣಿನ ಕ್ರೇಟಿನಲ್ಲಿಟ್ಟು. ಎರಡು ದಿನಕ್ಕೆ ಜೀವ ಹೋಯ್ತು. ಆತನಿಗೆ ಕೆಲಸದ ಕರಾರು ಪತ್ರವೇ ಇರಲಿಲ್ಲ. ಸಾವಿರಾರು ಮನೆ ಖಾಲಿ ಬಿದ್ದಿರೋ ದೇಶದಲ್ಲಿ, ಅದೇ ದೇಶದ ಟೊಮೆಟೊ ಕೀಳೋರು ಶೆಡ್ಡುಗಳಲ್ಲಿ ಮಲಗ್ತಾರೆ.

ನಮ್ಮ ಸೆಮಿನಾರುಗಳಲ್ಲಿ 'ಸಬಾಲ್ಟರ್ನ್' ಅಂತ ದಿನಕ್ಕೆ ಹತ್ತು ಸಲ ಹೇಳೋ ಗೆಳೆಯರೇ, ಆ ಪದಕ್ಕೆ ಕಸುವು ಕೊಟ್ಟ ಗ್ರಾಂಶಿ ಇದೇ ಬಡ ದಕ್ಷಿಣ ಇಟಲಿಯ ಪ್ರಶ್ನೆಯ ಬಗ್ಗೆ 1926ರಲ್ಲೇ ಬರೆದ. ಅವನ ಹೆಸರು ಹೇಳ್ತಾ ಈ ರೀಲಿಗೆ ಹೃದಯದ ಗುರುತು ಒತ್ತಬೇಡಿ.

ವಿದೇಶದಲ್ಲಿರೋ, ಕೈಲಿ ಕಾಸಿರೋ ನಮ್ಮವರು ಯಾರಾದ್ರೂ ನಿಜಕ್ಕೂ ಕೊಳ್ಳೋರಿದ್ರೆ ಕೊಳ್ಳಿ, ನಾನು ಅಡ್ಡ ಬರಲ್ಲ. ನಮ್ಮ ಜನಕ್ಕೆ ಕಲ್ಲಿನ ಮನೆ ಬೇಡ ಅಂತ ಯಾರೂ ಹೇಳಿಲ್ಲ. ಆದ್ರೆ ಅರ್ಜಿ ಹಾಕೋ ಮುಂಚೆ ಆ ಪುರಸಭೆಗೆ ಒಂದು ಪತ್ರ ಬರೀರಿ. ನಿಮ್ಮೂರ ಹೊಲದಲ್ಲಿ ಈ ವರ್ಷ ದುಡಿದವರು ಎಲ್ಲಿ ಮಲಗ್ತಾರೆ, ಇದೇ ಮನೆಯನ್ನ ಇದೇ ಒಂದು ಯೂರೋಗೆ ಅವರಿಗೂ ಕೊಡ್ತೀರಾ ಅಂತ ಕೇಳಿ. ಉತ್ತರ ಬಂದ್ರೆ ಇಲ್ಲೇ ಕಮೆಂಟಿನಲ್ಲಿ ಹಾಕಿ, ಎಲ್ಲರೂ ಓದೋಣ.

ಜೈ ಭೀಮ್.