ಮೊದಲು ಗಂಟೆ ಲೆಕ್ಕ, ಆಮೇಲೆ ಉಪಕರಣ, ಕೊನೆಗೆ ಟ್ರಾಕ್ಟರ್

ಇದನ್ನ ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳೀತು. ಅವತ್ತಿಂದ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಎಲ್ಲಿ ಚಾ ಕುಡಿಯೋಕೆ ಕೂತ್ರೂ ಒಂದೇ ಮಾತು: "ರೇಟು ಇಳಿದೈತೆ, ಒಂದು ಮಿನಿ ಟ್ರಾಕ್ಟರ್ ತಗೊಂಡುಬಿಡು." ತೆರಿಗೆ ಬಿಟ್ಟು 6 ಲಕ್ಷದ ಗಾಡಿಗೆ ಇದರಿಂದ ಉಳಿಯೋದು 42 ಸಾವಿರ. 42 ಸಾವಿರ ಉಳೀತು ಅಂತ ಮೂರು ಎಕರೆಯವನು 6 ಲಕ್ಷ ಖರ್ಚು ಮಾಡಬೇಕಾ?

ಟ್ರಾಕ್ಟರ್ ಬೇಡ ಅಂತ ನಾನು ಹೇಳ್ತಿಲ್ಲ. ಎತ್ತು ಸಾಕೋರು ಕಮ್ಮಿ ಆದ್ರು, ಆಳು ಸಿಗಲ್ಲ, ಎಲ್ಲ ಗೊತ್ತು. ನನ್ನ ತಕರಾರು ಇರೋದು ತಗೊಳ್ಳೋ ಕ್ರಮದ ಮೇಲೆ. ನಾವು ಮೊದಲು ಬಣ್ಣ ನೋಡ್ತೀವಿ, ಆಮೇಲೆ ಸಬ್ಸಿಡಿ ಕೇಳ್ತೀವಿ, ಆಮೇಲೆ ಸಾಲ. ಮನೆ ಮುಂದೆ ತಂದು ಪೂಜೆ ಮಾಡಿದ ಮೇಲೆ "ಇದಕ್ಕೆ ಏನು ಕೆಲಸ ಕೊಡೋದು" ಅಂತ ಯೋಚನೆ. ಇದು ಪೂರ್ತಿ ಉಲ್ಟಾ.

ಒಂದು ಪೆನ್ನು ತಗೊಳ್ಳಿ. 5 ಲಕ್ಷ ಸಾಲ, ನೂರಕ್ಕೆ 10 ಬಡ್ಡಿ, ವರ್ಷಕ್ಕೊಂದರಂತೆ 5 ಕಂತು ಅಂತ ಇಟ್ಕೊಳ್ಳಿ. ಒಂದು ಕಂತು ಸುಮಾರು 1 ಲಕ್ಷ 32 ಸಾವಿರ ಬರ್ತದೆ. ಬಾಡಿಗೆ ಗಾಡಿಗೆ ಡೀಸೆಲ್, ಡ್ರೈವರ್ ಸೇರಿ ಗಂಟೆಗೆ 1,000 ರೂಪಾಯಿ ಹಿಡೀರಿ. ಸ್ವಂತ ಗಾಡಿ ಆದ್ರೂ ಗಂಟೆಗೆ 250 ರೂಪಾಯಿ ಡೀಸೆಲ್ ಬೇಕೇ ಬೇಕು. ಅಂದ್ರೆ ಗಂಟೆಗೆ ಉಳಿಯೋದು 750. ಕಂತಿನಷ್ಟು ದುಡ್ಡು ಉಳೀಬೇಕಂದ್ರೆ ವರ್ಷಕ್ಕೆ 176 ಗಂಟೆ ಗಾಡಿ ದುಡೀಬೇಕು. ಇನ್ಶೂರೆನ್ಸ್, ಆಯಿಲ್, ರಿಪೇರಿ ಇದರಲ್ಲಿ ಸೇರಿಲ್ಲ.

ಈಗ ನಿಮ್ಮ ಹೊಲದ ಗಂಟೆ ಬರೀರಿ. 4 ಅಡಿ ರೋಟವೇಟರಿಗೆ ಎಕರೆಗೆ ಒಂದೂವರೆಯಿಂದ ಎರಡು ಗಂಟೆ. 2 ಎಕರೆ ಮೆಕ್ಕೆಜೋಳಕ್ಕೆ ಎರಡು ಸಲ ಹೊಡೆದ್ರೂ 8 ಗಂಟೆ. ಎಡೆ ಹೊಡೆಯೋದು, ಗೊಬ್ಬರ ಸಾಗಿಸೋದು, ಔಷಧಿ ಹೊಡೆಯೋದು ಎಲ್ಲ ಸೇರಿಸಿ. ಮೂರು ಎಕರೆಯವನು ಎಷ್ಟು ಎಳೆದ್ರೂ 60-70 ಗಂಟೆ ದಾಟೋದು ಕಷ್ಟ. ಉಳಿದ 100 ಗಂಟೆ ಬೇರೆಯವರ ಹೊಲದಲ್ಲಿ ಬಾಡಿಗೆ ಹೊಡೀಬೇಕು. ಅದು ಬೇಸಾಯ ಅಲ್ಲ, ಬೇರೆ ಉದ್ಯೋಗ. ಮಾಡೋ ಮನಸ್ಸು, ಹೊತ್ತು ಇದ್ರೆ ಮಾಡಿ. ಇಲ್ಲದಿದ್ರೆ ಆ ಕಂತನ್ನ ಅಡಿಕೆ ಕಟ್ಟಬೇಕು. ಜಮೀನು ಅಡ ಇಟ್ಟಿದ್ರೆ ಪಹಣಿಯ 11ನೇ ಕಾಲಮ್ಮಿನಲ್ಲಿ ಸಾಲ ಕೂತಿರ್ತದೆ. ನಾಳೆ ಮಗಳ ಓದಿಗೆ ಇನ್ನೊಂದು ಸಾಲ ಬೇಕು ಅಂದಾಗ ಅದೇ ಅಡ್ಡ ಬರ್ತದೆ.

ಗಂಟೆ ಸಿಕ್ತು ಅಂದ್ರೆ ಆಮೇಲೆ ಉಪಕರಣ. ಶಿಕಾರಿಪುರದ ಬಯಲು ಹೊಲಕ್ಕೂ ಸೊರಬದ ಮಳೆ ಗದ್ದೆಗೂ ಒಂದೇ ಸೆಟ್ ಮಾರ್ತಾರೆ. ತಗೋಬೇಡಿ. ಮೆಕ್ಕೆಜೋಳದಲ್ಲಿ ಸಾಲು 2 ಅಡಿ ಇದ್ರೆ ಟಯರು ಆ ಸಾಲಲ್ಲಿ ಹೋಗ್ತದಾ ಅನ್ನೋದೇ ಮುಖ್ಯ. ಹೋಗದಿದ್ರೆ ಎಡೆ ಹೊಡೆಯೋ ಕೆಲಸ ಖೋತಾ. ಶುಂಠಿಯವರಿಗೆ ಏರು ಮಾಡೋ ರಿಡ್ಜರ್ ಬೇಕು. ಕೆಸರು ಗದ್ದೆಗೆ ಕೇಜ್ ವೀಲ್ ಬೇಕು, ಮಡಿ ಸಣ್ಣ ಇದ್ರೆ ಪವರ್ ಟಿಲ್ಲರೇ ಸಾಕು. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ 9 ಅಡಿ ಇದೆ, ಗಾಡಿ ನುಗ್ತದೆ ಅಂತಾರೆ. ನುಗ್ಗೋದು ಬೇರೆ, ತಿರುಗೋದು ಬೇರೆ. ನಡುವೆ ಬಸಿಗಾಲುವೆ ಇದ್ರೆ ದಾಟೋದು ಹೆಂಗೆ? ಅಡಿಕೆ ಬೇರು ಮೇಲ್ಮಣ್ಣಿನಲ್ಲೇ ಹರಡಿರ್ತದೆ. ಅಲ್ಲಿ ರೋಟವೇಟರ್ ಇಳಿಸಿದ್ರೆ ಬೇರು ಕತ್ತರಿಸಿದ ಹಂಗೆ. ತೋಟಕ್ಕೆ ಬೇಕಾದ್ದು ಕಳೆ ಕತ್ತರಿಸೋ ಯಂತ್ರ, ಸಣ್ಣ ಟ್ರೈಲರ್.

ಕೊನೆಗೆ ಗಾಡಿ. ಕುಬೋಟಾ ಬಿ2441, ಮಹೀಂದ್ರಾ ಜಿವೋ 245 ಎರಡೂ 24 ಎಚ್‌ಪಿ, ನಾಲ್ಕೂ ಚಕ್ರ ಎಳೀತವೆ. ಆದರೆ ರೋಟವೇಟರ್ ತಿರುಗಿಸೋದು ಎಂಜಿನ್ ಎಚ್‌ಪಿ ಅಲ್ಲ, ಹಿಂದಿನ ಪಿಟಿಒ ಎಚ್‌ಪಿ. ಅದು ಯಾವತ್ತೂ ಕಮ್ಮಿ ಇರ್ತದೆ. ಯಾವ ಕಂಪನಿ ಆದ್ರೂ ಪಿಟಿಒ ಎಷ್ಟು, ಹಿಂದೆ ಎಷ್ಟು ಕೆಜಿ ಎತ್ತುತ್ತೆ ಅಂತ ಕೇಳಿ. ಅಗಲ ನೀವೇ ಟೇಪ್ ಹಿಡಿದು ಅಳೀರಿ. ನಿಮ್ಮ ಹೊಲದಲ್ಲೇ, ನಿಮ್ಮ ಉಪಕರಣ ಕಟ್ಟಿಯೇ ಡೆಮೋ ಕೊಡಿ ಅನ್ನಿ. ಷೋರೂಮಿನ ಅಂಗಳದಲ್ಲಿ ಎಲ್ಲ ಗಾಡಿನೂ ಚೆನ್ನಾಗೇ ಓಡ್ತದೆ.

"ಬಾಡಿಗೆ ಗಾಡಿ ಹದ ಇದ್ದಾಗ ಬರಲ್ವಲ್ಲ ಅಣ್ಣಾ" ಅಂತೀರಿ. ಈ ಮಾತು ನೂರಕ್ಕೆ ನೂರು ನಿಜ. ಮಳೆ ಬಿದ್ದ ಮಾರನೇ ದಿನ ಎಲ್ಲರಿಗೂ ಗಾಡಿ ಬೇಕು. ನಿಮ್ಮ ಸರದಿ ಬರೋ ಹೊತ್ತಿಗೆ ಹದ ಹೋಗಿರ್ತದೆ. ಆದರೆ ಅದಕ್ಕೆ ಮನೆಗೊಂದು ಟ್ರಾಕ್ಟರ್ ಮದ್ದಲ್ಲ. ಅಕ್ಕಪಕ್ಕದ ಮೂರು ಮನೆ ಸೇರಿ ಒಂದು ಗಾಡಿ ತಗೊಳ್ಳಿ. 60 ಗಂಟೆಯ ಮೂರು ಮನೆ ಸೇರಿದ್ರೆ 180 ಆಯ್ತು, ಲೆಕ್ಕ ಕೂಡ್ತು. ಸರದಿ, ಡೀಸೆಲ್, ರಿಪೇರಿ ಎಲ್ಲ ಕಾಗದದಲ್ಲಿ ಬರೀರಿ. ಜಗಳ ಆಗ್ತದೆ ಅಂತೀರಾ? ಕಾಲುವೆ ನೀರಿನ ಸರದಿಗೂ ಜಗಳ ಆಗ್ತದೆ, ಹಂಗಂತ ನೀರು ಬಿಟ್ಟಿದ್ದೀವಾ?

ಇನ್ನೊಂದು. ರಾಜ್ಯದಲ್ಲಿ ಕೃಷಿ ಯಂತ್ರಧಾರೆ 2014-15ರಿಂದ ಇದೆ. ಸಣ್ಣ ರೈತರಿಗೆ ಬಾಡಿಗೆಗೆ ಯಂತ್ರ ಕೊಡೋಕೇ ಮಾಡಿದ್ದು. ಮಿನಿ ಟ್ರಾಕ್ಟರ್, ಅಗಲ ಕಮ್ಮಿ ಇರೋ ಉಪಕರಣ ಅಲ್ಲಿ ಸಾಕಷ್ಟು ಇರಬೇಕು, ಮುಂಗಾರಿಗೆ ಮೊದಲೇ ಸರದಿ ಪಟ್ಟಿ ಹಾಕಬೇಕು ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿ. ನಾವು ಸಬ್ಸಿಡಿ ಅರ್ಜಿಗೆ ನಿಂತಷ್ಟು ಹೊತ್ತು ಇದಕ್ಕೆ ನಿಂತಿಲ್ಲ.

ಅಡ್ವಾನ್ಸ್ ಕೊಡೋ ಮೊದಲು ಹಳೇ ನೋಟ್‌ಬುಕ್ಕಿನಲ್ಲಿ ಒಂದು ವರ್ಷದ ಗಂಟೆ ಬರೆದು ಕೂಡಿಸಿ. ಲೆಕ್ಕ ಮುಟ್ಟಿದ್ರೆ ಧೈರ್ಯವಾಗಿ ತಗೊಳ್ಳಿ, ಪೂಜೆಗೆ ನಾನೂ ಬರ್ತೀನಿ. ಮುಟ್ಟದಿದ್ರೆ ಆ ನೋಟ್‌ಬುಕ್ ಹಿಡ್ಕೊಂಡು ಪಕ್ಕದ ಮನೆ ಬಾಗಿಲು ತಟ್ಟಿ.