ವುಝೂ ನಿಲ್ಲದಿದ್ದರೆ ಡಾಕ್ಟರನ್ನೂ ಕೇಳಿ

ನಮ್ಮ ಮೊಹಲ್ಲಾಗಳಲ್ಲಿ ಹಿರಿಯರು ಉಸ್ತಾದರ ಬಳಿ ಮೆಲುದನಿಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಒಂದು, 'ವುಝೂ ನಿಲ್ಲುವುದಿಲ್ಲ, ಏನು ಮಾಡುವುದು?' ಎಂಬುದು. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಹೋಗಿ ಬಂದ ಮೇಲೂ ಹನಿ ಬೀಳುತ್ತದೆ, ನಮಾಝ್ ಸಿಂಧುವಾಯಿತೋ ಇಲ್ಲವೋ ಎಂಬ ಆತಂಕ. ಇದಕ್ಕೆ ಶಾಫಿ ಮದ್‌ಹಬ್‌ನಲ್ಲಿ ಸ್ಪಷ್ಟ ಉತ್ತರವಿದೆ. ಸದಾ ಮೂತ್ರ ಸೋರುವವರು ಶುಚಿ ಮಾಡಿಕೊಂಡು, ಬಟ್ಟೆ ಕಟ್ಟಿ, ನಮಾಝಿನ ಹೊತ್ತಾದ ಮೇಲೆ ಪ್ರತೀ ಫರ್ಝಿಗೂ ಬೇರೆ ವುಝೂ ಮಾಡಿ, ತಡಮಾಡದೆ ನಮಾಝ್ ನಿರ್ವಹಿಸಬೇಕು. ಉಸ್ತಾದರು ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನ. ಆದರೆ ಅದು ನಮಾಝಿನ ಪ್ರಶ್ನೆಗೆ ಸಿಕ್ಕಿದ ಉತ್ತರ, ಕಾಯಿಲೆಗೆ ಸಿಕ್ಕಿದ ಮದ್ದಲ್ಲ. 'ಎಷ್ಟು ದಿನದಿಂದ ಹೀಗೆ?' ಎಂದು ಕೇಳುವವರು ಮನೆಯಲ್ಲೂ ಇಲ್ಲ, ಹೊರಗೂ ಇಲ್ಲ.

ಕೇಳಬೇಕಾದದ್ದು ಅದನ್ನೇ. ಹಗಲು ರಾತ್ರಿ ಸೇರಿ 6ರಿಂದ 8 ಸಲ ಮೂತ್ರಕ್ಕೆ ಹೋಗುವುದು ಸಾಮಾನ್ಯ. ಮಳೆಗಾಲದಲ್ಲಿ ಬೆವರು ಕಡಿಮೆ, ಆಗ ಒಂದೆರಡು ಸಲ ಹೆಚ್ಚಾಗಬಹುದು. ರಮಝಾನಿನಲ್ಲಿ ಇಫ್ತಾರಿನಿಂದ ಸಹರಿವರೆಗೆ ಶರಬತ್ತು, ಚಾ, ನೀರು ಎಲ್ಲ ಒಟ್ಟಿಗೆ ಹೊಟ್ಟೆಗೆ ಹೋದರೆ ತರಾವೀಹ್ ನಡುವೆ ಎದ್ದು ಹೋಗಬೇಕಾದೀತು. ಇದೆಲ್ಲ ಒಂದೆರಡು ದಿನದಲ್ಲಿ, ಕುಡಿಯುವುದು ಹದಕ್ಕೆ ಬಂದಾಗ ತಾನೇ ಸರಿಹೋಗುತ್ತದೆ. ಹೆಚ್ಚು ಕುಡಿಯದೆಯೂ ವಾರ ಕಳೆದರೂ ಹಾಗೆಯೇ ಇದ್ದರೆ, ರಾತ್ರಿ ಎರಡು ಮೂರು ಸಲ ಏಳುವುದು ಅಭ್ಯಾಸವಾಗಿಬಿಟ್ಟಿದ್ದರೆ, 'ಪ್ರಾಯ ಆಯ್ತಲ್ಲ' ಎಂದು ಸುಮ್ಮನಿರುವುದು ಸರಿಯಲ್ಲ.

ಉರಿಮೂತ್ರದ ವಿಷಯದಲ್ಲಂತೂ ವಾರವೂ ಕಾಯಬಾರದು. ಬೊಂಡ, ಬಾರ್ಲಿ ನೀರು, ಜೀರಿಗೆ ನೀರು ಕುಡಿಯಲಿ, ಅದರಿಂದ ಹೆಚ್ಚಿನವರಿಗೆ ನಷ್ಟವಿಲ್ಲ. ಆದರೆ ಮೂತ್ರನಾಳದ ಸೋಂಕನ್ನು ಬೊಂಡ ಗುಣಮಾಡುತ್ತದೆ ಎಂದು ನಂಬಿ ಕುಳಿತರೆ ಅದು ಕಿಡ್ನಿಗೆ ಏರಬಹುದು. ಹೆಂಗಸರಿಗೆ ಒಂದೆರಡು ದಿನದಲ್ಲಿ ಉರಿ ಕಡಿಮೆಯಾಗದಿದ್ದರೆ ಡಾಕ್ಟರಲ್ಲಿಗೆ ಹೋಗಬೇಕು. ಗಂಡಸರು, ಮಕ್ಕಳು, ಗರ್ಭಿಣಿಯರು, ಶುಗರ್ ಇರುವವರು ಅಷ್ಟೂ ಕಾಯಬಾರದು. ಗರ್ಭಿಣಿಯರಿಗೆ ಪದೇ ಪದೇ ಮೂತ್ರ ಬರುವುದು ಸಹಜವೇ, ಉರಿ ಮಾತ್ರ ಸಹಜವಲ್ಲ. ಮದ್ದು ಶುರುವಾದ ಎರಡು ಮೂರು ದಿನದಲ್ಲಿ ಆರಾಮ ಕಾಣಬೇಕು, ಕಾಣದಿದ್ದರೆ ಮತ್ತೆ ತೋರಿಸಬೇಕು. ಗಲ್ಫ್‌ನಿಂದ ಬಂದ ಪೆಟ್ಟಿಗೆಯಲ್ಲಿ ಉಳಿದಿದ್ದ ಮಾತ್ರೆ ನುಂಗುವ ಚಾಳಿ ನಮ್ಮಲ್ಲಿ ಬೇರೆ ಇದೆ. ಯಾವುದೋ ಜ್ವರಕ್ಕೆ ಕೊಟ್ಟ ಆಂಟಿಬಯೋಟಿಕ್ ಇದಕ್ಕೆ ಹೊಂದಬೇಕೆಂದೇನಿಲ್ಲ.

ನಮಗೆ ಹೆಚ್ಚು ಚಿಂತೆಯಿರುವುದು ನಮ್ಮ ಹೆಂಗಸರ ಬಗ್ಗೆ. ಮದುವೆಗೆ ಹೊರಟ ಉಮ್ಮ ಬೆಳಗ್ಗಿನಿಂದ ನೀರು ಕುಡಿಯುವುದಿಲ್ಲ, ಯಾಕೆಂದರೆ ಹಾಲಿನಲ್ಲಿ ಶೌಚಾಲಯ ಹೇಗಿರುತ್ತದೋ ಗೊತ್ತಿಲ್ಲ. ಬಂದರೂ ತಡೆದಿಟ್ಟುಕೊಳ್ಳುತ್ತಾರೆ. ನೀರು ಕಡಿಮೆ ಕುಡಿಯುವುದು, ಗಂಟೆಗಟ್ಟಲೆ ತಡೆಯುವುದು, ಇವೆರಡೂ ಸೋಂಕಿಗೆ ದಾರಿ. ಮೂತ್ರ ತಡೆದುಕೊಂಡು ನಮಾಝಿಗೆ ನಿಲ್ಲುವುದನ್ನೇ ಫಿಕ್ಹ್ ಕರಾಹತ್ ಎನ್ನುತ್ತದೆ; ಹಾಗಿರುವಾಗ ಮದುವೆ ಊಟಕ್ಕಾಗಿ ಅರ್ಧ ದಿನ ತಡೆಯುವುದು ಯಾವ ಲೆಕ್ಕ? ಹಾಲ್ ಬುಕ್ ಮಾಡುವಾಗ ಬಿರಿಯಾನಿಯ ಅಡುಗೆಯವರನ್ನು ನಾಲ್ಕು ಸಲ ವಿಚಾರಿಸುವ ನಾವು ಹೆಂಗಸರ ಶೌಚಾಲಯವನ್ನು ಒಂದು ಸಲವಾದರೂ ನೋಡಬೇಕು. ಹೆದ್ದಾರಿ ಪಕ್ಕದ ಮಸೀದಿಗಳ ಕಮಿಟಿಯವರು ಪ್ರಯಾಣಿಕ ಮಹಿಳೆಯರಿಗೆ ಪ್ರತ್ಯೇಕವಾಗಿ ಎರಡು ಶುಚಿಯಾದ ಶೌಚಾಲಯ ಕಟ್ಟಿಸಿದರೆ ಅದು ಸಣ್ಣ ಸದಕವೇನಲ್ಲ.

ಇನ್ನು ಶುಗರ್. ಬಾಯಾರಿಕೆ ಹೆಚ್ಚು, ಮೂತ್ರ ಹೆಚ್ಚು, ಊಟ ಮಾಡಿದರೂ ಮೈ ಇಳಿಯುತ್ತಿದೆ ಎಂದಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರು ಇನ್ನೊಮ್ಮೆ ನೋಡಿ ಖಚಿತಪಡಿಸುತ್ತಾರೆ. ದೂರದ ದುಬೈ, ದಮ್ಮಾಮಿನಿಂದ ಮಗ ಫೋನಿನಲ್ಲಿ ಕೇಳಿದರೆ ಮನೆಯಲ್ಲಿದ್ದವರು 'ಅಲ್‌ಹಮ್ದುಲಿಲ್ಲಾಹ್, ಆರಾಮ' ಎಂದೇ ಹೇಳುವುದು. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಬಿಡಿಸಿ ಕೇಳಬೇಕು. ಬಿಟ್ಟುಹೋಗಿದ್ದ ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಮಗುವಿಗೆ ಮತ್ತೆ ಶುರುವಾಗಿ, ಜೊತೆಗೆ ಬಾಯಾರಿಕೆಯೂ ಇದ್ದರೆ, ಬೈಯುವುದಲ್ಲ, ಅದೇ ದಿನ ಶುಗರ್ ನೋಡಿಸಬೇಕು. ಮಕ್ಕಳಿಗೂ ಶುಗರ್ ಬರುತ್ತದೆ.

ಐವತ್ತು ದಾಟಿದ ಗಂಡಸರಲ್ಲಿ ಧಾರೆ ಸಣ್ಣಗಾಗುವುದು, ಪೂರ್ತಿ ಹೋಗಲಿಲ್ಲ ಎನಿಸುವುದು ಹೆಚ್ಚಾಗಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದುದರಿಂದ. ಅದಕ್ಕೆ ಮಾತ್ರೆ ಇದೆ, ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಆ ಹೆದರಿಕೆಯಲ್ಲೇ ಎಷ್ಟೋ ಕಾಕಂದಿರು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ.

ದಿನ ಎಣಿಸುತ್ತಾ ಕೂರಬಾರದ ಸಂದರ್ಭಗಳೂ ಇವೆ. ಮೂತ್ರದಲ್ಲಿ ರಕ್ತ, ಚಳಿಜ್ವರದ ಜೊತೆ ಸೊಂಟದ ಪಕ್ಕದಲ್ಲಿ ನೋವು, ವಾಂತಿ, ಹೊಟ್ಟೆ ಬಿಗಿದರೂ ಮೂತ್ರವೇ ಹೋಗದಿರುವುದು, ಕಾಲು ಸೋತು ತೊಡೆಸಂದಿ ಜೋಮು ಹಿಡಿಯುವುದು - ಇವು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ರಕ್ತದಾನ ಶಿಬಿರ ನಡೆಸುವುದರಲ್ಲಿ ನಮ್ಮ ಯುವಕರು ಯಾರಿಗೂ ಕಡಿಮೆಯಿಲ್ಲ. ಅದೇ ಪೆಂಡಾಲಿನಲ್ಲಿ ಶುಗರ್ ಮತ್ತು ಮೂತ್ರ ಪರೀಕ್ಷೆಯ ಒಂದು ಮೇಜು ಸೇರಲಿ, ಹೆಂಗಸರ ಕಡೆ ಲೇಡಿ ಡಾಕ್ಟರ್ ಇರಲಿ. ಅಲ್ಲಿಯವರೆಗೆ, 30 ದಾಟಿದವರಿಗೆ ಶುಗರ್, ಬಿಪಿ ತಪಾಸಣೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಯುತ್ತದೆ. ಹೋಗುವ ಮೊದಲು ಎರಡು ದಿನ ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಎಷ್ಟು ಲೋಟ ಕುಡಿದಿರಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಆ ಚೀಟಿಯನ್ನೇ ಡಾಕ್ಟರ ಕೈಗೆ ಕೊಡಬಹುದು.